ಮಳೆಗಾಲದ ಮಲೆನಾಡಿಗೆ ಚೆರ್ರಿ ಚಹಾ: ಹಣ್ಣಿನ ಆಯ್ಕೆಯಿಂದ ಲೋಟದವರೆಗೆ

ಮೇ ತಿಂಗಳ ಕೊನೆಯಿಂದ ಜುಲೈ ನಡುವಿನವರೆಗೆ ಶಿವಮೊಗ್ಗದ ಹಣ್ಣಿನಂಗಡಿಗಳಲ್ಲಿ ಕೊನೆಯ ಮಾವಿನ ರಾಶಿಯ ಪಕ್ಕದಲ್ಲೇ ಸಣ್ಣ ಸಣ್ಣ ಡಬ್ಬಿಗಳಲ್ಲಿ ಕಡುಗೆಂಪು ಚೆರ್ರಿ ಹಣ್ಣುಗಳು ಕಾಣಿಸಿಕೊಳ್ಳುತ್ತವೆ. ನಮ್ಮ ದೇಶದಲ್ಲಿ ಬೆಳೆಯುವ ಚೆರ್ರಿಯ ಬಹುಪಾಲು ಕಾಶ್ಮೀರ ಕಣಿವೆಯದು. ಹಿಮಾಚಲದ ಎತ್ತರದ ತೋಟಗಳಿಂದಲೂ ಒಂದಿಷ್ಟು ಬರುತ್ತದೆ. ಡಿಸೆಂಬರ್, ಜನವರಿಯಲ್ಲಿ ದೊಡ್ಡ ಅಂಗಡಿಗಳಲ್ಲಿ ಕಾಣುವ ದುಬಾರಿ ಚೆರ್ರಿ ಸಾಮಾನ್ಯವಾಗಿ ಚಿಲಿ ದೇಶದಿಂದ ಬಂದದ್ದಾಗಿರುತ್ತದೆ. ಮಳೆ ಹಿಡಿದ ಸಂಜೆಗಳಲ್ಲಿ ಬಿಸಿಯಾಗಿ ಏನಾದರೊಂದು ಕುಡಿಯುವ ಅಭ್ಯಾಸವಿರುವ ಮಲೆನಾಡಿನ ಮನೆಗಳಿಗೆ, ಸರಿಯಾಗಿ ಅದೇ ದಿನಗಳಲ್ಲಿ ಪೇಟೆಗೆ ಬರುವ ಈ ಹಣ್ಣಿನ ಚಹಾ ಚೆನ್ನಾಗಿ ಹೊಂದುತ್ತದೆ. ಆದರೆ ಅದರ ಬಗ್ಗೆ ಹಬ್ಬಿರುವ ಮಾತುಗಳಲ್ಲಿ ಅರ್ಧದಷ್ಟು ಹಣ್ಣಿಗೆ ಸಲ್ಲುವಂಥವು, ಚಹಾಕ್ಕೆ ಸಲ್ಲುವಂಥವಲ್ಲ. ಆದ್ದರಿಂದ ಚಹಾ ಮಾಡುವ ಕ್ರಮವನ್ನು ಹೇಳುವ ಮೊದಲು, ಯಾವುದು ಚೆರ್ರಿ, ಅದರಲ್ಲಿ ಏನಿದೆ, ಅದರಲ್ಲಿ ಎಷ್ಟು ಲೋಟಕ್ಕೆ ಇಳಿಯುತ್ತದೆ ಎಂಬುದನ್ನು ನೋಡಿಕೊಳ್ಳುವುದು ಒಳ್ಳೆಯದು.

ಯಾವ ಚೆರ್ರಿ?

ಕೇಕಿನ ಮೇಲೆ, ಬೀಡಾದ ಮೇಲೆ ಕಡ್ಡಿ ಚುಚ್ಚಿ ಕೂರಿಸುವ ಕೆಂಪು ‘ಚೆರ್ರಿ’ ನಮ್ಮಲ್ಲಿ ಹೆಚ್ಚಿನ ಪಾಲು ಚೆರ್ರಿಯೇ ಅಲ್ಲ. ಅದು ಕವಳಿ ಹಣ್ಣು, ಅಂದರೆ ನಮ್ಮ ಗುಡ್ಡಗಳ ಮುಳ್ಳುಪೊದೆಯಲ್ಲಿ ಬೇಸಿಗೆಗೆ ಬಿಡುವ ಅದೇ ಹುಳಿಹಣ್ಣು. ಕಾಯಿಯ ಬೀಜ ತೆಗೆದು, ಸಕ್ಕರೆ ಪಾಕದಲ್ಲಿ ನೆನೆಸಿ, ಕೆಂಪು ಬಣ್ಣ ಹಾಕಿದರೆ ಬೇಕರಿಯ ಚೆರ್ರಿ ಸಿದ್ಧವಾಗುತ್ತದೆ. ಅದನ್ನು ಬಿಸಿನೀರಿಗೆ ಹಾಕಿದರೆ ಸಕ್ಕರೆಯೂ ಕೃತಕ ಬಣ್ಣವೂ ಇಳಿಯುತ್ತವೆಯೇ ಹೊರತು ಈ ಲೇಖನದಲ್ಲಿ ಹೇಳುವ ಯಾವ ಗುಣವೂ ಇಳಿಯುವುದಿಲ್ಲ. ಕಾಫಿ ತೋಟದವರು ಚೆರ್ರಿ ಎನ್ನುವುದು ಕಾಫಿ ಹಣ್ಣನ್ನು. ಅದರ ಒಣ ಸಿಪ್ಪೆಯಿಂದಲೂ ಕೆಲವು ದೇಶಗಳಲ್ಲಿ ಪಾನೀಯ ಮಾಡುತ್ತಾರೆ. ಅದರಲ್ಲಿ ಕೆಫೀನ್ ಇರುತ್ತದೆ. ಸಿಂಪಡಣೆಯಾದ ತೋಟದ, ಕಣದಲ್ಲಿ ಬೂಸಲು ಹಿಡಿದ ಸಿಪ್ಪೆಯನ್ನು ಮನೆಯಲ್ಲಿ ಪ್ರಯೋಗಿಸಲು ಹೋಗಬಾರದು.

ಹಿತ್ತಲಲ್ಲಿ ಚೆರ್ರಿ ಗಿಡವಿದೆ ಎಂದು ಹೇಳುವವರೂ ಇದ್ದಾರೆ. ನಿಜವಾದ ಚೆರ್ರಿ ಮರಕ್ಕೆ ಚಳಿಗಾಲದಲ್ಲಿ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿ ನೂರಾರು ಗಂಟೆ, ಹಲವು ತಳಿಗಳಿಗೆ ಸಾವಿರ ಗಂಟೆಯಷ್ಟು ಸಿಕ್ಕಿದರೆ ಮಾತ್ರ ಅದು ಹೂಬಿಟ್ಟು ಕಾಯಿ ಕಟ್ಟುತ್ತದೆ. ಹಣ್ಣು ಮಾಗುವ ಹೊತ್ತಿಗೆ ಮಳೆ ಹಿಡಿದರೆ ಸಿಪ್ಪೆ ಸೀಳಿಹೋಗುತ್ತದೆ. ಇವೆರಡನ್ನೂ ನೋಡಿದರೆ ತೀರ್ಥಹಳ್ಳಿ, ಹೊಸನಗರಗಳ ಕಡೆ ಅದು ಫಲ ಕೊಡುವ ಮಾತೇ ಇಲ್ಲ. ಇಲ್ಲಿನ ಹಿತ್ತಲುಗಳಲ್ಲಿರುವುದು ಸಾಮಾನ್ಯವಾಗಿ ಬಾರ್ಬಡೋಸ್ ಚೆರ್ರಿ, ಇಲ್ಲವೇ ಏಣುಏಣಾದ ಸುರಿನಾಮ್ ಚೆರ್ರಿ. ಬಾರ್ಬಡೋಸ್ ಚೆರ್ರಿಯಲ್ಲಿ ವಿಟಮಿನ್ ಸಿ ಅಪಾರವಾಗಿದೆ. 100 ಗ್ರಾಂ ಹಣ್ಣಿನಲ್ಲಿ 1,600 ಮಿಲಿಗ್ರಾಂಗೂ ಹೆಚ್ಚು. ಆದರೆ ಆ ವಿಟಮಿನ್ ಕುದಿಗೆ ಹಾಳಾಗುವುದರಿಂದ ಆ ಹಣ್ಣನ್ನು ಹಾಗೆಯೇ ತಿನ್ನುವುದು ಜಾಣತನ. ಇಲ್ಲಿ ಮುಂದೆ ಹೇಳುವುದೆಲ್ಲ ಡಬ್ಬಿಯಲ್ಲಿ ಬರುವ ಕಾಶ್ಮೀರಿ ಅಥವಾ ಹಿಮಾಚಲಿ ಚೆರ್ರಿಯ ವಿಷಯ. ಇವು ಸಿಹಿ ಚೆರ್ರಿಗಳು. ಹುಳಿ ಚೆರ್ರಿ ಎಂಬ ಇನ್ನೊಂದು ಬಗೆಯುಂಟು. ಹೊರದೇಶಗಳಲ್ಲಿ ನಡೆದ ಆರೋಗ್ಯ ಸಂಬಂಧಿ ಅಧ್ಯಯನಗಳಲ್ಲಿ ಹೆಚ್ಚಿನವು ಆ ಹುಳಿ ಚೆರ್ರಿಯ ರಸದ ಮೇಲೆ ನಡೆದಂಥವು ಎಂಬುದನ್ನು ಓದುಗರು ಮೊದಲೇ ಗಮನಕ್ಕೆ ತಂದುಕೊಳ್ಳಬೇಕು.

ಹಣ್ಣಿನಲ್ಲಿ ಏನಿದೆ, ಲೋಟದಲ್ಲಿ ಎಷ್ಟು?

100 ಗ್ರಾಂ ಸಿಹಿ ಚೆರ್ರಿಯಲ್ಲಿ ಸುಮಾರು 82 ಗ್ರಾಂ ನೀರು, 13 ಗ್ರಾಂ ಸಕ್ಕರೆ, 2 ಗ್ರಾಂ ನಾರು, 220 ಮಿಲಿಗ್ರಾಂ ಪೊಟ್ಯಾಸಿಯಂ, 7 ಮಿಲಿಗ್ರಾಂ ವಿಟಮಿನ್ ಸಿ ಇರುತ್ತವೆ. ಅದರಿಂದ ದೊರೆಯುವ ಶಕ್ತಿ 63 ಕಿಲೊಕ್ಯಾಲರಿ. ಈ ಅಂಕಿಗಳಲ್ಲಿ ವಿಶೇಷವೇನೂ ಇಲ್ಲ, ಪೇರಲೆ ಹಣ್ಣು ವಿಟಮಿನ್ ಸಿ ವಿಷಯದಲ್ಲಿ ಚೆರ್ರಿಯನ್ನು ಎಷ್ಟೋ ಹಿಂದೆ ಹಾಕುತ್ತದೆ. ಚೆರ್ರಿಯ ವೈಶಿಷ್ಟ್ಯವಿರುವುದು ಅದರ ಕಡುಗೆಂಪು ಬಣ್ಣದಲ್ಲಿ. ಆಂಥೋಸಯನಿನ್ ಎಂಬ ಈ ವರ್ಣದ್ರವ್ಯಗಳು ನೇರಳೆ, ಮುರುಗಲು ಹಣ್ಣುಗಳಲ್ಲಿಯೂ ಇವೆ. ಇವು ನೀರಿನಲ್ಲಿ ಕರಗುತ್ತವೆ, ಆದ್ದರಿಂದ ಚಹಾಕ್ಕೆ ಇಳಿಯುತ್ತವೆ. ಹೆಚ್ಚು ಹೊತ್ತು ಕುದಿಸಿದರೆ ಒಡೆದುಹೋಗುತ್ತವೆ, ಆದ್ದರಿಂದ ಕಷಾಯದಂತೆ ಅರ್ಧಕ್ಕೆ ಬತ್ತಿಸಬಾರದು. ನಾರು ಮಾತ್ರ ಸೋಸುವ ಜಾಲರಿಯಲ್ಲೇ ಉಳಿಯುತ್ತದೆ. ಹಾಗಾಗಿ ಸೋಸಿದ ತಿರುಳನ್ನು ಎಸೆಯದೆ ತಿನ್ನಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಕಾಸು ಕೊಟ್ಟು ತಂದ ಹಣ್ಣಿನ ಗುಣದ ಒಂದು ಪಾಲು ಅಲ್ಲಿಯೇ ಇರುತ್ತದೆ.

ಚೆರ್ರಿಯ ಹೆಸರು ಹೆಚ್ಚು ಕೇಳಿಬರುವುದು ಗೌಟ್ ಎಂಬ ಕೀಲುಬೇನೆಯ ವಿಷಯದಲ್ಲಿ. ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಾಗಿ, ಅದರ ಹರಳುಗಳು ಕೀಲುಗಳಲ್ಲಿ, ಮುಖ್ಯವಾಗಿ ಕಾಲಿನ ಹೆಬ್ಬೆರಳ ಬುಡದಲ್ಲಿ ಕೂತಾಗ ತಡೆಯಲಾರದ ನೋವು ಬರುತ್ತದೆ. 1950ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಲುಡ್ವಿಗ್ ಬ್ಲಾವ್ ಎಂಬುವರು ಚೆರ್ರಿ ತಿಂದ 12 ಜನ ರೋಗಿಗಳ ನೋವು ತಗ್ಗಿದ್ದನ್ನು ವರದಿ ಮಾಡಿದರು. ಬಹಳ ಕಾಲದ ನಂತರ, 2012ರಲ್ಲಿ, ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 633 ಗೌಟ್ ರೋಗಿಗಳನ್ನು ಗಮನಿಸಿ, ಎರಡು ದಿನ ಚೆರ್ರಿ ತಿಂದ ಅವಧಿಯಲ್ಲಿ ನೋವು ಮರುಕಳಿಸುವ ಸಂಭವ ಶೇ. 35ರಷ್ಟು ಕಡಿಮೆಯಿತ್ತೆಂದು ತಿಳಿಸಿದರು. ಇದು ರೋಗಿಗಳು ತಾವೇ ಹೇಳಿದ ಮಾಹಿತಿಯ ಮೇಲೆ ನಿಂತ ಅಧ್ಯಯನ. ಅದಕ್ಕೆ ಎದುರಾಗಿ 2020ರಲ್ಲಿ ಪ್ರಕಟವಾದ ನ್ಯೂಜಿಲೆಂಡಿನ ಪ್ರಯೋಗವೊಂದರಲ್ಲಿ 50 ರೋಗಿಗಳಿಗೆ ನಾಲ್ಕು ವಾರ ಬೇರೆಬೇರೆ ಪ್ರಮಾಣದಲ್ಲಿ ಹುಳಿ ಚೆರ್ರಿಯ ಸಾಂದ್ರ ರಸ ಕೊಟ್ಟರೂ ರಕ್ತದ ಯೂರಿಕ್ ಆಮ್ಲದ ಮಟ್ಟದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇವೆರಡನ್ನೂ ಒಟ್ಟಿಗೆ ಇಟ್ಟುಕೊಂಡು ಹೇಳಬಹುದಾದದ್ದು ಇಷ್ಟೇ: ವೈದ್ಯರು ಕೊಟ್ಟ ಮಾತ್ರೆಯ ಜೊತೆಗೆ ಚೆರ್ರಿ ತಿನ್ನುವುದಕ್ಕೆ ಅಡ್ಡಿಯಿಲ್ಲ, ಮಾತ್ರೆಯ ಬದಲಿಗೆ ತಿನ್ನುವುದಕ್ಕೆ ಆಧಾರವಿಲ್ಲ.

ನಿದ್ರೆಯ ವಿಷಯವೂ ಹೀಗೆಯೇ ಇದೆ. ಹುಳಿ ಚೆರ್ರಿಯ ರಸ ಕುಡಿದವರಲ್ಲಿ ನಿದ್ರೆ ಸ್ವಲ್ಪ ಸುಧಾರಿಸಿತೆಂದು 2010 ಮತ್ತು 2012ರ ಎರಡು ಸಣ್ಣ ಅಧ್ಯಯನಗಳು ಹೇಳಿವೆ. ಮೊದಲನೆಯದರಲ್ಲಿ ಭಾಗವಹಿಸಿದವರು 15 ಜನ, ಎರಡನೆಯದರಲ್ಲಿ 20 ಜನ. ಚೆರ್ರಿಯಲ್ಲಿ ನಿದ್ರೆಗೆ ನೆರವಾಗುವ ಮೆಲಟೋನಿನ್ ಎಂಬ ಹಾರ್ಮೋನು ಇರುವುದು ನಿಜ, ಆದರೆ ಹೆಚ್ಚೆಂದು ಹೆಸರಾದ ಮಾಂಟ್‌ಮೊರೆನ್ಸಿ ತಳಿಯಲ್ಲಿಯೂ ಒಂದು ಗ್ರಾಂ ಹಣ್ಣಿಗೆ ಸುಮಾರು 13 ನ್ಯಾನೊಗ್ರಾಂ ಮಾತ್ರ. 100 ಗ್ರಾಂ ಹಣ್ಣು ತಿಂದರೆ ಒಂದು ಮೈಕ್ರೊಗ್ರಾಂಗಿಂತ ಸ್ವಲ್ಪ ಹೆಚ್ಚು ಸಿಗುತ್ತದೆ. ಔಷಧದಂಗಡಿಯ ಮಾತ್ರೆಯಲ್ಲಿ ಅದರ ಸಾವಿರಾರು ಪಟ್ಟು ಇರುತ್ತದೆ. ಹೀಗಿರುವಾಗ ಚೆರ್ರಿ ಚಹಾ ನಿದ್ರೆ ಬರಿಸುತ್ತದೆಂದು ಹೇಳುವುದು ಅತಿಯಾಯಿತು. ರಾತ್ರಿ ಕಾಫಿ ಕುಡಿಯುವ ಅಭ್ಯಾಸವಿದ್ದವರು ಅದನ್ನು ಬಿಟ್ಟು, ಚಹಾಪುಡಿ ಬೆರೆಸದ ಈ ಚಹಾ ಕುಡಿದರೆ ಕೆಫೀನ್ ತಪ್ಪುತ್ತದೆ. ಅದೇ ದೊಡ್ಡ ಲಾಭ.

ಹಣ್ಣು ಆರಿಸುವುದು, ಬೀಜ ಬಿಡಿಸುವುದು

ಕಾಶ್ಮೀರದಿಂದ ಶಿವಮೊಗ್ಗಕ್ಕೆ ಬರುವಷ್ಟರಲ್ಲಿ ಹಣ್ಣಿಗೆ ಹಲವು ದಿನಗಳಾಗಿರುತ್ತವೆ. ತಾಜಾತನ ಗೊತ್ತಾಗುವುದು ತೊಟ್ಟಿನಿಂದ: ತೊಟ್ಟು ಹಸಿರಾಗಿ ಬಳುಕುವಂತಿದ್ದರೆ ಹಣ್ಣು ಹೊಸದು, ಕಂದಾಗಿ ಒಣಗಿದ್ದರೆ ಹಳೆಯದು. ಡಬ್ಬಿಯ ಮೇಲಿನ ಸಾಲು ಯಾವಾಗಲೂ ಹೊಳೆಯುತ್ತಿರುತ್ತದೆ. ಡಬ್ಬಿಯನ್ನು ತಿರುಗಿಸಿ ತಳದ ಹಣ್ಣುಗಳನ್ನು ನೋಡಬೇಕು. ಅಲ್ಲಿ ರಸ ಒಸರಿದ್ದರೆ, ಒಂದೇ ಹಣ್ಣಿಗೆ ಬೂಸಲು ತಗುಲಿದ್ದರೂ, ಆ ಡಬ್ಬಿಯನ್ನು ಬಿಡುವುದು ಲೇಸು. ಚಹಾಕ್ಕೆ ಕಡುಗೆಂಪು, ಬಹುತೇಕ ಕಪ್ಪೆನ್ನಬಹುದಾದ ಹಣ್ಣೇ ಬೇಕು. ಹಳದಿ ಮಿಶ್ರಿತ ತೆಳುಗೆಂಪು ಹಣ್ಣು ತಿನ್ನಲು ಚೆನ್ನ, ನೀರಿಗೆ ಬಣ್ಣ ಬಿಡುವುದು ಕಡಿಮೆ. ಮನೆಗೆ ತಂದ ಮೇಲೆ ತೊಳೆಯದೆ, ತೊಟ್ಟು ಕೀಳದೆ ಫ್ರಿಜ್ಜಿನಲ್ಲಿಟ್ಟು, ಬೇಕಾದಾಗ ಬೇಕಾದಷ್ಟನ್ನೇ ತೊಳೆಯಬೇಕು. ಒದ್ದೆ ಹಣ್ಣು ಮಳೆಗಾಲದ ತೇವಕ್ಕೆ ಎರಡೇ ದಿನದಲ್ಲಿ ಕೊಳೆಯುತ್ತದೆ.

ಬೀಜ ತೆಗೆಯಲು ವಿಶೇಷ ಉಪಕರಣ ಬೇಕಿಲ್ಲ. ಕಿರಿದಾದ ಬಾಯಿಯ ಗಾಜಿನ ಬಾಟಲಿಯೊಂದನ್ನು ಮೇಜಿನ ಮೇಲಿಟ್ಟು, ತೊಟ್ಟು ಕಿತ್ತ ಹಣ್ಣನ್ನು ಅದರ ಬಾಯಿಗೆ ಕೂರಿಸಿ, ತೊಟ್ಟಿದ್ದ ಗುಳಿಯ ಮೇಲೆ ಮೊಂಡಾದ ಕಡ್ಡಿಯಿಟ್ಟು ನೇರವಾಗಿ ಒತ್ತಬೇಕು. ಮೊದಲು ಸಿಪ್ಪೆ ತಗ್ಗುತ್ತದೆ, ಆಮೇಲೆ ಕಡ್ಡಿಗೆ ಗಟ್ಟಿ ತಗಲುತ್ತದೆ, ಇನ್ನಷ್ಟು ಒತ್ತಿದೊಡನೆ ಹಣ್ಣಿನ ತಳ ಒಡೆದು ಬೀಜ ಬಾಟಲಿಯೊಳಗೆ ಟಕ್ಕೆಂದು ಬೀಳುತ್ತದೆ. ಅದರ ಹಿಂದೆಯೇ ಒಂದೆರಡು ಹನಿ ರಸ ಗಾಜಿನ ಒಳಮೈಗುಂಟ ಇಳಿಯುತ್ತದೆ. ಆ ರಸವನ್ನೂ ಪಾತ್ರೆಗೆ ಬಗ್ಗಿಸಿಕೊಳ್ಳಿ. ಸ್ಟೀಲ್ ಸ್ಟ್ರಾ ಇದ್ದರೆ ಕಡ್ಡಿಗಿಂತ ಅನುಕೂಲ. ರಸ ಚಿಮ್ಮಿ ಬಿಳಿ ಬಟ್ಟೆಗೆ ಬಿದ್ದರೆ ಅಡಿಕೆ ಕಲೆಯಷ್ಟೇ ಹಟಮಾರಿ, ಹಳೆಯ ಬಟ್ಟೆಯಲ್ಲಿ ಈ ಕೆಲಸಕ್ಕೆ ಕೂರುವುದು ಒಳಿತು.

ಬೀಜ ತೆಗೆಯದೆ ಹಣ್ಣನ್ನು ಮಿಕ್ಸಿಗೆ ಹಾಕಲೇಬಾರದು. ಚೆರ್ರಿಯ ಗಟ್ಟಿ ಬೀಜದೊಳಗಿನ ತಿರುಳಿನಲ್ಲಿ ಅಮಿಗ್ಡಲಿನ್ ಎಂಬ ಪದಾರ್ಥವಿದ್ದು, ಜಜ್ಜಿದಾಗ ಅಥವಾ ಅಗಿದಾಗ ಅದರಿಂದ ಸಯನೈಡ್ ಹೊರಬರುತ್ತದೆ. ಅಕಸ್ಮಾತ್ ಒಂದು ಬೀಜವನ್ನು ಇಡಿಯಾಗಿ ನುಂಗಿದರೆ ಅದು ಹಾಗೆಯೇ ಹೊರಹೋಗುತ್ತದೆ, ಗಾಬರಿ ಬೇಡ. ಚಿಕ್ಕ ಮಕ್ಕಳ ವಿಷಯದಲ್ಲಿ ಮಾತ್ರ ಅದು ಗಂಟಲಿಗೆ ಸಿಕ್ಕಿಕೊಳ್ಳುವ ಭಯ ಇದ್ದೇ ಇದೆ.

ಚಹಾ ಮಾಡುವ ಕ್ರಮ

ಎರಡು ಲೋಟ ಚಹಾಕ್ಕೆ ಬೀಜ ತೆಗೆದ ಹಣ್ಣು ಸುಮಾರು 150 ಗ್ರಾಂ, ಅಂದರೆ ಇಪ್ಪತ್ತರ ಆಸುಪಾಸು ಹಣ್ಣು, ಮತ್ತು 450 ಮಿಲಿಲೀಟರ್ ನೀರು ಸಾಕು. ಹೆಬ್ಬೆರಳಿನ ಅರ್ಧದಷ್ಟು ಹಸಿ ಶುಂಠಿ, ಒಂದು ಏಲಕ್ಕಿ, ಬೆರಳುದ್ದದ ದಾಲ್ಚಿನ್ನಿ ಚಕ್ಕೆ, ಅರ್ಧ ಚಮಚ ನಿಂಬೆರಸ ಇದ್ದರೆ ರುಚಿ ತುಂಬುತ್ತದೆ. ಹಿತ್ತಲಲ್ಲಿ ಮಜ್ಜಿಗೆ ಹುಲ್ಲು ಇದ್ದವರು ಎರಡು ಗರಿಯನ್ನು ಗಂಟುಕಟ್ಟಿ ಹಾಕಬಹುದು. ಆಗ ಏಲಕ್ಕಿ ಬೇಡ. ಮನೆಯಲ್ಲಿ ಸಿದ್ಧವಿರುವ ಕಷಾಯದ ಪುಡಿಯನ್ನು ಹಾಕುವ ಆಸೆಯಾಗುವುದು ಸಹಜ, ಆದರೆ ಕೊತ್ತಂಬರಿ ಜೀರಿಗೆಗಳ ಘಮದ ಮುಂದೆ ಚೆರ್ರಿಯ ಮೆಲುವಾದ ಪರಿಮಳ ನಿಲ್ಲುವುದಿಲ್ಲ.

ಪಾತ್ರೆ ಸ್ಟೀಲಿನದ್ದಿರಲಿ. ಹಣ್ಣಿನ ಹುಳಿ ಅಲ್ಯೂಮಿನಿಯಂ, ಕಬ್ಬಿಣ, ಕಲಾಯಿ ಇಲ್ಲದ ಹಿತ್ತಾಳೆಯ ಪಾತ್ರೆಗಳಿಗೆ ಹಿಡಿಸದು. ರುಚಿಯೂ ಬಣ್ಣವೂ ಕೆಡುತ್ತವೆ. ಮೊದಲು ನೀರಿಗೆ ಜಜ್ಜಿದ ಶುಂಠಿ ಮತ್ತು ಚಕ್ಕೆ ಹಾಕಿ ಐದು ನಿಮಿಷ ಕುದಿಸಬೇಕು, ಏಕೆಂದರೆ ಇವುಗಳ ಸತ್ವ ಇಳಿಯಲು ಕುದಿ ಬೇಕು, ಹಣ್ಣಿಗೆ ಬೇಡ. ಅಷ್ಟರಲ್ಲಿ ಚೆರ್ರಿಯನ್ನು ಬಟ್ಟಲಿನಲ್ಲಿ ಹಾಕಿ ಸೌಟಿನ ಹಿಂಭಾಗದಿಂದ ಕಿವುಚಿಕೊಳ್ಳಬೇಕು. ನುಣ್ಣಗೆ ರುಬ್ಬಿದರೆ ಚಹಾ ಮಡ್ಡಿಯಾಗುತ್ತದೆ, ಸಿಪ್ಪೆ ಒಡೆದು ರಸ ಬಿಟ್ಟರೆ ಸಾಕು. ಒಲೆಯ ಉರಿಯನ್ನು ತೀರ ಸಣ್ಣಗೆ ಮಾಡಿ, ಕಿವುಚಿದ ಹಣ್ಣನ್ನು ರಸದ ಸಮೇತ ನೀರಿಗೆ ಹಾಕಿ, ಮುಚ್ಚಳ ಮುಚ್ಚಿ ಐದು ನಿಮಿಷ ಇಡಬೇಕು. ಅಂಚಿನಲ್ಲಿ ಸಣ್ಣ ಗುಳ್ಳೆ ಏಳುವುದಕ್ಕಿಂತ ಹೆಚ್ಚಿನ ಕಾವು ಬೇಡ. ನಂತರ ಒಲೆ ಆರಿಸಿ, ಜಜ್ಜಿದ ಏಲಕ್ಕಿ ಹಾಕಿ, ಮುಚ್ಚಳ ತೆಗೆಯದೆ ಹತ್ತು ನಿಮಿಷ ಬಿಡಬೇಕು. ಬಣ್ಣ ಚೆನ್ನಾಗಿ ಇಳಿಯುವುದು ಈ ಹತ್ತು ನಿಮಿಷದಲ್ಲಿ. ಕೊನೆಗೆ ಜಾಲರಿಯಲ್ಲಿ ಸೋಸಿ, ತಿರುಳನ್ನು ಸೌಟಿನಿಂದ ಮೆಲ್ಲಗೆ ಒತ್ತಿ, ಶುಂಠಿ ಚಕ್ಕೆಗಳನ್ನು ಬೇರ್ಪಡಿಸಿ ತಿರುಳನ್ನು ಎತ್ತಿಡಬೇಕು.

ನಿಂಬೆರಸವನ್ನು ಹಿಂಡುವುದು ಲೋಟಕ್ಕೆ ಬಗ್ಗಿಸಿದ ಮೇಲೆ. ಅದು ಬರೀ ರುಚಿಗಾಗಿ ಅಲ್ಲ. ಆಂಥೋಸಯನಿನ್ ಹುಳಿಯಲ್ಲಿ ಕೆಂಪಾಗಿಯೂ ಕ್ಷಾರದಲ್ಲಿ ನೀಲಿಯತ್ತ ವಾಲಿಯೂ ಕಾಣುವ ಬಣ್ಣ. ಜಂಬಿಟ್ಟಿಗೆ ನೆಲದ ಬಾವಿಯ ಮೆದು ನೀರಿನಲ್ಲಿ ಮಾಡಿದ ಚಹಾ ಮೊದಲೇ ಕೆಂಪಗಿರುತ್ತದೆ. ಬಯಲುಸೀಮೆಯ ಅಂಚಿನ ಊರುಗಳ ಗಡಸು ಬೋರ್‌ವೆಲ್ ನೀರಿನಲ್ಲಿ ಮಾಡಿದರೆ ಮಂಕು ನೇರಳೆಯಾಗಿ, ನೋಡಿದವರು ಕೆಟ್ಟಿದೆ ಎಂದುಕೊಳ್ಳುವಂತಿರುತ್ತದೆ. ಅದಕ್ಕೆ ನಾಲ್ಕು ಹನಿ ನಿಂಬೆರಸ ಬಿದ್ದೊಡನೆ, ಹನಿ ಬಿದ್ದ ಜಾಗದಿಂದ ಕೆಂಪು ಹರಡಿಕೊಂಡು ಇಡೀ ಲೋಟ ಮಾಣಿಕ್ಯದ ಬಣ್ಣಕ್ಕೆ ತಿರುಗುತ್ತದೆ. ಮಕ್ಕಳಿಗೆ ತೋರಿಸಬೇಕಾದ ಸಂಗತಿಯಿದು. ಇದೇ ಕಾರಣಕ್ಕೆ ಹಣ್ಣನ್ನು ಅಡಿಗೆ ಸೋಡಾದ ನೀರಿನಲ್ಲಿ ತೊಳೆದವರು ಮತ್ತೆ ಒಳ್ಳೆಯ ನೀರಿನಲ್ಲಿ ಚೆನ್ನಾಗಿ ಜಾಲಿಸಬೇಕು.

ಸಿಹಿ ಬೇಕೇ ಎಂಬುದನ್ನು ಕುಡಿದು ನೋಡಿ ನಿರ್ಧರಿಸಿ, ಹಣ್ಣು ಚೆನ್ನಾಗಿ ಮಾಗಿದ್ದರೆ ಬೇಡವಾಗುತ್ತದೆ. ಬೇಕೆನಿಸಿದರೆ ಚಹಾ ಉಗುರುಬೆಚ್ಚಗಾದ ಮೇಲೆ ಒಂದು ಚಮಚ ಜೇನುತುಪ್ಪ ಸಾಕು. ಜೋನಿಬೆಲ್ಲವೂ ರುಚಿಯೇ, ಆದರೆ ಚಹಾ ಕಂದು ಬಣ್ಣಕ್ಕೆ ತಿರುಗುತ್ತದೆ. ಹಾಲು ಮಾತ್ರ ಬೇಡ, ಹುಳಿಗೆ ಒಡೆಯುತ್ತದೆ. ಚಹಾಪುಡಿಯ ಒಗರು ಬೇಕೆನ್ನುವವರು ಬೇರೆ ಪಾತ್ರೆಯಲ್ಲಿ ತೆಳುವಾದ ಕಪ್ಪು ಚಹಾ ಮಾಡಿ ಸಮಪ್ರಮಾಣದಲ್ಲಿ ಬೆರೆಸಬಹುದು. ಚಹಾಪುಡಿ ಆಹಾರದ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳುವುದಕ್ಕೆ ಅಡ್ಡಿ ಮಾಡುವುದರಿಂದ, ರಕ್ತಹೀನತೆ ಇರುವವರು ಹಾಗೆ ಬೆರೆಸಿದ್ದನ್ನು ಊಟದ ಜೊತೆ ಕುಡಿಯಬಾರದು.

ಋತು ಮುಗಿದ ಮೇಲೆ

ಜುಲೈ ನಂತರವೂ ಬೇಕೆಂದರೆ ಎರಡು ದಾರಿಗಳಿವೆ. ಬೀಜ ತೆಗೆದ ಹಣ್ಣನ್ನು ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಹರಡಿ ಫ್ರೀಜರಿನಲ್ಲಿಟ್ಟು, ಗಟ್ಟಿಯಾದ ಮೇಲೆ ಗಾಳಿಯಾಡದ ಚೀಲಕ್ಕೆ ತುಂಬಿದರೆ ಹಲವು ತಿಂಗಳು ಇರುತ್ತದೆ. ಹೆಪ್ಪುಗಟ್ಟಿ ಕರಗಿದ ಹಣ್ಣು ಸಿಪ್ಪೆ ಸಡಿಲಿಸಿ ರಸವನ್ನು ಸುಲಭವಾಗಿ ಬಿಡುವುದರಿಂದ ಚಹಾಕ್ಕೆ ಅದು ತಾಜಾ ಹಣ್ಣಿಗಿಂತಲೂ ಅನುಕೂಲ. ಆದರೆ ಗಾಳಿಮಳೆಗೆ ಮರ ಬಿದ್ದು ದಿನಗಟ್ಟಲೆ ಕರೆಂಟಿಲ್ಲದ ಹಳ್ಳಿಗಳಲ್ಲಿ ಈ ದಾರಿಯನ್ನು ನಂಬಿ ಕೂರುವಂತಿಲ್ಲ. ಅಲ್ಲಿ ಒಣಗಿಸುವುದೇ ಸರಿ. ಬಿಸಿಲಿನ ಮಾತು ಜೂನ್, ಜುಲೈನಲ್ಲಿ ಬೇಡ. ಹಣ್ಣನ್ನು ಎರಡು ಹೋಳು ಮಾಡಿ, ಕತ್ತರಿಸಿದ ಮುಖ ಮೇಲಾಗಿಸಿ, ವಿದ್ಯುತ್ ಡ್ರೈಯರಿನಲ್ಲಿ ಸುಮಾರು 60 ಡಿಗ್ರಿ ಶಾಖದಲ್ಲಿಟ್ಟರೆ ಹಣ್ಣಿನ ಗಾತ್ರಕ್ಕೆ ತಕ್ಕಂತೆ ಒಂದು ಹಗಲು ಅಥವಾ ಅದರ ಮೇಲೆ ರಾತ್ರಿಯೂ ಬೇಕಾಗುತ್ತದೆ. ಹಿಚುಕಿದರೆ ರಸ ಬಾರದೆ ಚರ್ಮದಂತೆ ಬಾಗಿದರೆ ಒಣಗಿದೆ ಎಂದರ್ಥ. ಅಡಿಕೆ ಒಣಗಿಸುವ ಹೊಗೆಗೂಡಿನಲ್ಲೋ ಬಚ್ಚಲೊಲೆಯ ಮೇಲೋ ಒಣಗಿಸಿದರೆ ಹೊಗೆಯ ವಾಸನೆ ಹಿಡಿದು ಹಣ್ಣು ಹಾಳಾಗುತ್ತದೆ. ಒಂದು ಕಿಲೊ ಹಣ್ಣು ಒಣಗಿ ಕಾಲು ಕಿಲೊಗಿಂತ ಕಡಿಮೆಯಾಗುವುದರಿಂದ ಇದು ಅಗ್ಗದ ಕೆಲಸವಲ್ಲ. ಗಾಜಿನ ಭರಣಿಯಲ್ಲಿ ಬಿಗಿಯಾಗಿ ಮುಚ್ಚಿಟ್ಟು, ಮೊದಲ ವಾರ ದಿನವೂ ಅಲುಗಾಡಿಸಿ ನೋಡಬೇಕು. ಒಳಗೋಡೆಯಲ್ಲಿ ನೀರಹನಿ ಕಂಡರೆ ಮತ್ತೆ ಒಣಗಿಸಬೇಕು, ಬೂಸಲು ಕಂಡರೆ ಪೂರ್ತಿ ಎಸೆಯಬೇಕು. ಎರಡು ಚಮಚ ಒಣ ಹೋಳುಗಳನ್ನು ಒಂದು ಲೋಟ ಕುದಿನೀರಿನಲ್ಲಿ ಕಾಲು ಗಂಟೆ ಮುಚ್ಚಿಟ್ಟರೆ ಚಹಾ ಆಗುತ್ತದೆ. ಅಂಗಡಿಯ ಒಣ ಚೆರ್ರಿ ಕೊಳ್ಳುವವರು ಪೊಟ್ಟಣದ ಹಿಂಬದಿಯನ್ನು ಓದಲಿ. ಹಲವದರಲ್ಲಿ ಸಕ್ಕರೆಯೂ ಎಣ್ಣೆಯೂ ಸೇರಿರುತ್ತವೆ.

ಚೆರ್ರಿಯ ಬೆಲೆ ಕೈಗೆಟುಕದ ವರ್ಷ ಸಾಗರ, ಸೊರಬದ ಕಡೆಯ ಮನೆಗಳಲ್ಲಿ ಒಣಗಿಸಿಟ್ಟಿರುವ ಮುರುಗಲು ಸಿಪ್ಪೆಯನ್ನು ಇದೇ ಕ್ರಮದಲ್ಲಿ ಬಿಸಿನೀರಿಗೆ ಹಾಕಬಹುದು. ಅದರ ಕೆಂಪೂ ಇದೇ ಜಾತಿಯ ವರ್ಣದ್ರವ್ಯದ್ದು. ಹುಳಿ ಹೆಚ್ಚಿರುವುದರಿಂದ ನಿಂಬೆ ಬೇಡ, ಬೆಲ್ಲ ಬೇಕು.

ಯಾರು ಎಚ್ಚರದಿಂದಿರಬೇಕು?

ಚೆರ್ರಿಯಲ್ಲಿ ಸಾರ್ಬಿಟಾಲ್ ಎಂಬ ಸಕ್ಕರೆಯ ಬಗೆಯೊಂದು ಇರುವುದರಿಂದ ಒಮ್ಮೆಲೇ ಹೆಚ್ಚು ತಿಂದರೆ ಹೊಟ್ಟೆಯುಬ್ಬರ, ಭೇದಿ ಆಗಬಹುದು. ಕರುಳು ಸೂಕ್ಷ್ಮವಾಗಿರುವವರು ಕೆಲವೇ ಹಣ್ಣಿಗೆ ನಿಲ್ಲಿಸುವುದು ಲೇಸು. ಮೂತ್ರಪಿಂಡದ ತೊಂದರೆಯಿಂದ ಪೊಟ್ಯಾಸಿಯಂ ಮಿತಿಗೊಳಿಸಲು ಹೇಳಿಸಿಕೊಂಡವರು, ರಕ್ತ ತೆಳುಗೊಳಿಸುವ ಮಾತ್ರೆ ತೆಗೆದುಕೊಳ್ಳುವವರು ದಿನನಿತ್ಯದ ಅಭ್ಯಾಸ ಮಾಡಿಕೊಳ್ಳುವ ಮೊದಲು ವೈದ್ಯರನ್ನು ಕೇಳಬೇಕು. ಸಕ್ಕರೆ ಕಾಯಿಲೆಯವರು ಜೇನುತುಪ್ಪ ಬೆಲ್ಲ ಎರಡನ್ನೂ ಬಿಟ್ಟು ಕುಡಿಯಬಹುದು, ಹಣ್ಣಿನ ಸಕ್ಕರೆಯನ್ನು ಅಂದಿನ ಲೆಕ್ಕಕ್ಕೆ ಸೇರಿಸಿಕೊಂಡರಾಯಿತು. ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ ಬೆರೆಸಿದ ಯಾವುದನ್ನೂ ಕೊಡಬಾರದು. ಉಳಿದವರಿಗೆ ದಿನಕ್ಕೆ ಒಂದೆರಡು ಲೋಟದಿಂದ ತೊಂದರೆಯಿಲ್ಲ. ಉಳಿದ ಚಹಾವನ್ನು ಫ್ರಿಜ್ಜಿನಲ್ಲಿಟ್ಟು ಮರುದಿನ ತಣ್ಣಗೆ ಕುಡಿಯಬಹುದು, ಮತ್ತೆ ಕುದಿಸುವುದು ಬೇಡ.

ಇನ್ನು ಎತ್ತಿಟ್ಟ ತಿರುಳು. ಹಾಗೆಯೇ ಚಮಚದಲ್ಲಿ ತಿನ್ನಬಹುದು, ಆದರೆ ಮಾವಿನ ಹಣ್ಣಿನ ಸಾಸಿವೆ ಮಾಡುವ ಮನೆಗಳಿಗೆ ಇದಕ್ಕಿಂತ ಒಳ್ಳೆಯ ಉಪಯೋಗ ಹೊಳೆಯದಿರದು. ಒಂದು ಹಿಡಿ ಹಸಿ ಕಾಯಿತುರಿ, ಕಾಲು ಚಮಚ ಸಾಸಿವೆ, ಒಂದು ಒಣಮೆಣಸನ್ನು ನುಣ್ಣಗೆ ರುಬ್ಬಿ, ತಿರುಳಿಗೆ ಬೆರೆಸಿ, ಉಪ್ಪು ಮತ್ತು ಸ್ವಲ್ಪ ಬೆಲ್ಲ ಹಾಕಿ, ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ ಕರಿಬೇವಿನ ಒಗ್ಗರಣೆ ಕೊಟ್ಟರೆ ಬಿಸಿ ಅನ್ನಕ್ಕೆ ಸೊಗಸಾಗಿ ಹೊಂದುತ್ತದೆ. ಚಹಾಕ್ಕೆ ಸತ್ವ ಬಿಟ್ಟುಕೊಟ್ಟ ತಿರುಳಿನಲ್ಲಿ ಹುಳಿ ಕಡಿಮೆಯಿರುವುದರಿಂದ ಬೇಕೆನಿಸಿದರೆ ಅರ್ಧ ಚಮಚ ಗಟ್ಟಿ ಮಜ್ಜಿಗೆ ಸೇರಿಸಿ. ಹಸಿ ಕಾಯಿ ಇರುವುದರಿಂದ ಅಂದಿನ ಊಟಕ್ಕೇ ಮುಗಿಸಬೇಕು.